ಭೂಪತಿ ಮಂಡಲರ ನಾಲ್ಕನೆಯ ಅಂಗಳ

ನನ್ನ ಮಾವ ಭೂಪತಿ ಮಂಡಲರು ನಾಲ್ಕು ಸಲ ಮನೆ ಕಟ್ಟಿದವರು. ಮೊದಲ ಮೂರೂ ಗಂಗೆಯ ಹೊಟ್ಟೆಯಲ್ಲಿವೆ. ನಾನು ಜೋತ್‌ಕಾನಾಯ್‌ಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವರು ನನ್ನನ್ನು ಬೌಮಾ, ಅಂದರೆ ಸೊಸೆಯಮ್ಮ, ಎಂದು ಕರೆದು ದಡದ ಮೇಲೆ ನಿಂತು ನೀರಿನತ್ತ ಕೈ ಚಾಚುತ್ತಿದ್ದರು.

"ನೋಡು ಬೌಮಾ, ಆ ದೋಣಿ ಹೋಗ್ತಿದೆಯಲ್ಲ, ಅಲ್ಲಿ ನಮ್ಮ ಸಂತೆ ಕೂಡ್ತಿತ್ತು. ಅದರಾಚೆ ಸುಳಿ ಇದೆಯಲ್ಲ, ಅಲ್ಲಿ ನೀಲಿ ಗಿಡ ಬೆಳೆಸ್ತಿದ್ದ ಬಿಳಿ ದೊರೆಯ ಬಂಗಲೆ. ನಮ್ಮ ಮುತ್ತಜ್ಜನ್ನ ಅಲ್ಲೇ ಕಂಬಕ್ಕೆ ಕಟ್ಟಿ ಹೊಡೆದಿದ್ರಂತೆ."

ನನಗೆ ಕಾಣುತ್ತಿದ್ದದ್ದು ನೀರು ಮಾತ್ರ. ನದಿ ಒತ್ತಿಕೊಂಡು ಬಂದ ಹಾಗೆಲ್ಲ ಊರು ತನ್ನ ಹೆಸರನ್ನು ತಲೆಯ ಮೇಲೆ ಹೊತ್ತುಕೊಂಡು ಹಿಂದೆ ಹಿಂದೆ ಸರಿದಿತ್ತು. ಆಚೆ ದಡದಲ್ಲಿ ಎದ್ದ ಮರಳದಿಬ್ಬ ನಮ್ಮದೇ ಮಣ್ಣು. ಆದರೆ ಅದೀಗ ಬೇರೆ ರಾಜ್ಯಕ್ಕೆ ಸೇರಿದೆಯೆಂದು ಅಲ್ಲಿ ಬೇಸಾಯಕ್ಕೆ ಹೋದವರನ್ನು ದೊಣ್ಣೆ ಹಿಡಿದು ಓಡಿಸುತ್ತಿದ್ದರು.

ಹೊರಗಿನವರು ನೆರೆಗೆ ಹೆದರುತ್ತಾರೆ. ನಾವು ಹೆದರುವುದು ನೆರೆ ಇಳಿಯುವಾಗ. ಭಾದ್ರಪದ ಕಳೆದು ನದಿ ತಗ್ಗತೊಡಗಿದರೆ, ನೀರು ಕುಡಿದು ಭಾರವಾದ ದಡಕ್ಕೆ ಆಸರೆ ತಪ್ಪುತ್ತದೆ. ಅಡಿಯಿಂದ ಮರಳು ಜಾರುತ್ತಿದ್ದರೂ ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ.

ಆ ವರ್ಷ ಬಿರುಕು ನಮ್ಮ ಅಂಗಳದಲ್ಲೇ ಬಂತು. ಬೆಳಿಗ್ಗೆ ಸಗಣಿ ಸಾರಿಸುವಾಗ ತುಳಸಿಕಟ್ಟೆಯ ಬುಡದಿಂದ ಕೊಟ್ಟಿಗೆಯವರೆಗೆ ಒಂದು ಗೆರೆ ಕಂಡಿತು. ಇರುವೆ ಸಾಲೆಂದುಕೊಂಡೆ. ಬೆರಳಿಟ್ಟರೆ ಒಳಗೆ ತಣ್ಣಗಿತ್ತು. ಗೆರೆಯ ಈಚೆಗೆ ರಸ್ತೆ, ಆಚೆಗೆ ನಮ್ಮ ಮನೆ, ಮನೆಯ ಬೆನ್ನಿಗೆ ನದಿ. ಅಷ್ಟು ತಿಳಿದದ್ದೇ ಸಗಣಿಯ ಕೈಯಲ್ಲೇ ಎದ್ದು ನಿಂತೆ. ನನ್ನ ಗಂಡ ಗಾರೆ ಕೆಲಸಕ್ಕೆಂದು ದೂರದ ಪಟ್ಟಣದಲ್ಲಿದ್ದರು. ಮನೆಯಲ್ಲಿದ್ದದ್ದು ನಾನು, ಮಾವ, ನಾಲ್ಕು ವರ್ಷದ ಮಗಳು ಟುನಿ.

ಪಕ್ಕದ ಮನೆಯ ಅಕಾಲು ಘೋಷ್ ಆಗಲೇ ತನ್ನ ಮನೆ ಬಿಚ್ಚಿ ರಸ್ತೆಯ ಬದಿಗೆ ಸಾಗಿಸಿದ್ದ. ನಾನು ಕೂಗಿದ್ದಕ್ಕೆ ಎತ್ತಿನ ಗಾಡಿ ಹೊಡೆದುಕೊಂಡು ಬಂದ. ಮಾವನನ್ನು ಅವನು ಚಿಕ್ಕಪ್ಪನೆಂದು ಖುಡೊ ಎನ್ನುತ್ತಿದ್ದ.

"ಖುಡೊ, ತಗಡು ಬಿಚ್ಚೋಣ ಏಳಿ. ಗಾಡಿ ಇವತ್ತು ಬಿಡುವಾಗಿದೆ. ನಾಳೆ ಯಾರ ಮನೆ ಮುಂದಿರುತ್ತೋ."

"ಕುಸಿತ ಹಿತ್ತಲ ಮಾವಿನ ತೋಪಿನ ಹತ್ರ ನಿಲ್ಲುತ್ತೆ ಕಣೋ," ಎಂದರು ಮಾವ, ಕೂತಲ್ಲಿಂದ ಏಳದೆ. "ಅಡಿಯಲ್ಲಿ ಗಟ್ಟಿ ಜೇಡಿಮಣ್ಣಿದೆ."

"ಹಂಗಂತ ಗಂಗೆ ನಿಮ್ಮ ಕಿವೀಲಿ ಹೇಳಿ ಹೋದ್ಲಾ? ಯಾವಾಗ ಬೀಗಿತ್ತಿ ಮಾಡ್ಕೊಂಡ್ರಿ ಅವಳ್ನ?"

"ಬೀಗಿತ್ತಿಯಾಗಿದ್ರೆ ಒಂದು ಹೊತ್ತು ಉಂಡು ಎದ್ದು ಹೋಗ್ತಿದ್ಲಲ್ಲೋ!"

ಮಾವ ನಕ್ಕರು. ಆದರೆ ಅಷ್ಟರಲ್ಲಿ ಮನೆಯ ಹಿಂದೆ ಗುಡುಗಿದಂತೆ ಸದ್ದಾಯಿತು, ಕಾಲಡಿಯ ನೆಲ ನಡುಗಿತು. ನಗು ಅರ್ಧಕ್ಕೆ ನಿಂತಿತು. ಅವರು ಎದ್ದು ಒಳಗೆ ಹೋಗಿ, ಮಾಡಿನ ತಗಡಿಗೆ ಕಟ್ಟಿದ ಹಗ್ಗಗಳನ್ನು ಬಿಚ್ಚತೊಡಗಿದರು.

ನಾನು ಅಕ್ಕಿಯ ಡಬ್ಬ, ಪಾತ್ರೆ, ಬೀಡಿ ಎಲೆಯ ಬುಟ್ಟಿ ಹೊತ್ತು ಗಾಡಿಗೂ ಮನೆಗೂ ಓಡಾಡಿದೆ. ಟುನಿ ಒಳಗೆ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಿದರೆ ಕಾಲಿಗೆ ತೊಡರುತ್ತಾಳೆ, ಕೊನೆಯ ಹೊರೆಯ ಜೊತೆ ಎತ್ತಿಕೊಂಡರಾಯಿತು ಎಂದುಕೊಂಡಿದ್ದೆ.

ನಾನು ಗಾಡಿಯ ಹತ್ತಿರವಿದ್ದಾಗ ತೋಪಿನ ಅಂಚಿನ ಮಾವಿನ ಮರ ಹೋಯಿತು. ಅದು ಬೀಳಲಿಲ್ಲ. ಕೊಂಬೆ, ಹಕ್ಕಿಗೂಡು ಸಮೇತ ನಿಂತಂತೆಯೇ ಕೆಳಗಿಳಿಯಿತು. ಮರವಿದ್ದ ಕಡೆ ಆಕಾಶ ಕಂಡಿತು. ತಿರುಗಿ ನೋಡಿದರೆ ಬೆಳಗಿನ ಗೆರೆ ಬಾಯಿ ತೆರೆದಿತ್ತು. ತುಳಸಿಕಟ್ಟೆ ಅದರೊಳಗೆ ವಾಲಿತ್ತು. ಮನೆಯ ಕಡೆಯ ನೆಲ ಮೊಣಕಾಲಿನಷ್ಟು ಕುಸಿದಿತ್ತು.

ಓಡಬೇಕಿತ್ತು. ಓಡಲಿಲ್ಲ. ಗಾಡಿಯ ಗಾಲಿ ಹಿಡಿದು ನಿಂತುಬಿಟ್ಟೆ.

ಮಾವ ಹೊರಬಂದರು. ಎದೆಯ ಮೇಲೆ ಟುನಿ. ಈಗಷ್ಟೇ ಎದ್ದವಳು, ಕೆಂಪು ಲಂಗ, ಮುಖದ ತುಂಬ ಕೂದಲು. ಅವರು ಬಿರುಕಿನ ಅಂಚಿಗೆ ಬಂದು ನಿಂತರು. ಕೆಳಗೆಲ್ಲೋ ನೀರು ಗುಳುಗುಳು ಎನ್ನುತ್ತಿತ್ತು.

"ಬೌಮಾ, ಕೈ ಕೊಡು."

"ನನ್ನ ಕೈಲಾಗಲ್ಲ ಬಾಬಾ."

"ಆಗುತ್ತೆ. ಕೆಳಗೆ ನೋಡ್ಬೇಡ, ನನ್ನನ್ನೂ ನೋಡ್ಬೇಡ. ಮಗೂನ ಲಂಗ ನೋಡು."

ಬಿರುಕಿನ ಈಚೆ ಅಂಚಿಗೆ ಬಂದು ಬೋರಲು ಮಲಗಿದೆ. ಅಕಾಲು ನನ್ನ ಕಾಲು ಹಿಡಿದುಕೊಂಡ. ಹೊಟ್ಟೆಯ ಕೆಳಗೆ ಮಣ್ಣು ಉಸಿರಾಡುತ್ತಿರುವಂತೆ ಏರಿಳಿಯುತ್ತಿತ್ತು. ಕೆಂಪು ಬಟ್ಟೆ ಹತ್ತಿರ ಬಂತು, ಹಿಡಿದೆ, ಎಳೆದುಕೊಂಡೆ. ಟುನಿಯ ಮೊಣಕೈ ನನ್ನ ಹಲ್ಲಿಗೆ ತಾಗಿ ಬಾಯಿಯೆಲ್ಲ ರಕ್ತ.

ಮಾವ ಮಾತ್ರ ಹಿಂತಿರುಗಿ ಮನೆಯನ್ನು ನೋಡುತ್ತ ನಿಂತರು.

"ಏನ್ ಮುದುಕಪ್ಪಾ, ಬಾಗಿಲಿಗೆ ಬೀಗ ಹಾಕ್ಕೊಂಡು ಬರ್ತೀರಾ?" ಅಕಾಲು ಅಳುವ ಸ್ವರದಲ್ಲಿ ಕಿರುಚಿದ. "ನೆಗೀರಿ!"

ನೆಗೆದರು. ಒಂದು ಕಾಲು ಅಂಚಿಗೆ ಸಿಕ್ಕಿತು, ಇನ್ನೊಂದು ಜಾರಿತು. ಅಕಾಲು ಅವರ ಹೆಗಲ ಟವೆಲು ಹಿಡಿದ, ನಾನು ತೋಳು ಹಿಡಿದೆ. ಟುನಿಯನ್ನು ಅವಚಿಕೊಂಡು ಮೂವರೂ ಗಾಡಿಯವರೆಗೆ ತೆವಳಿದೆವು. ಹಿಂದೆ ಮನೆ ಹೋಯಿತು. ಬಿಚ್ಚದೆ ಉಳಿದ ತಗಡಿನ ಮಾಡು ದೋಣಿಯ ಹಾಗೆ ಸ್ವಲ್ಪ ದೂರ ತೇಲಿ ಮುಳುಗಿತು.

ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ದಿನ ಕಳೆದೆವು. ಟುನಿ ನೆಲದ ಮೇಲೆ ಕಾಲಿಡುವುದನ್ನೇ ಬಿಟ್ಟಳು. ಗಾಡಿಯ ಮೇಲೆ, ಇಲ್ಲದಿದ್ದರೆ ಅಜ್ಜನ ಹೆಗಲ ಮೇಲೆ. ಕೆಳಗಿಳಿಸಿದರೆ ಕಾಲು ಮಡಚಿಕೊಂಡು ಕಿರುಚುತ್ತಿದ್ದಳು. "ದಾದು, ನೆಲ ಒಡೆಯುತ್ತೆ." ಒಡೆಯಲ್ಲ ಎಂದು ಮಾವ ಒಮ್ಮೆಯೂ ಹೇಳಲಿಲ್ಲ. ಎತ್ತಿಕೊಳ್ಳುತ್ತಿದ್ದರು, ಅಷ್ಟೇ.

ಚಳಿ ಹಿಡಿಯುವ ಹೊತ್ತಿಗೆ ಇಟ್ಟಿಗೆ ಭಟ್ಟಿಯ ಹಿಂದಿನ ಜಾಗದಲ್ಲಿ ಸೆಣಬಿನ ಕಡ್ಡಿಯ ಗೋಡೆ ಕಟ್ಟಿ ಮಣ್ಣು ಮೆತ್ತಿದೆವು. ಅಲ್ಲಿಂದ ಗಂಗೆ ಎರಡು ಕೂಗಳತೆ ದೂರ. ಒಂದು ಬೆಳಿಗ್ಗೆ ನಾನು ಉದ್ದಿನ ರೊಟ್ಟಿ ತಟ್ಟುತ್ತಿದ್ದೆ. ಟುನಿ ಇನ್ನೂ ನೆಲಕ್ಕಿಳಿಯದೆ ಬಿದಿರಿನ ಹೊಸ ಮಂಚದ ಮೇಲಿದ್ದಳು. ಅಕಾಲುವಿನ ಕರು ಹಗ್ಗ ಕಿತ್ತುಕೊಂಡು ಸಾಸಿವೆ ಹೊಲಕ್ಕೆ ನುಗ್ಗಿತು. ಟುನಿ "ಏಯ್!" ಎಂದು ಮಂಚದಿಂದ ಧುಮುಕಿ ಅದರ ಹಿಂದೆ ಓಡಿದಳು. ನನ್ನ ಕಣ್ಣು ತುಂಬಿ ಬಂತು. ಮರುಗಳಿಗೆಗೆ ಕರು ಓಡುತ್ತಿರುವುದು ನದಿಯ ಕಡೆಗೆಂದು ಕಂಡಿತು.

ರೊಟ್ಟಿಯನ್ನು ಹೆಂಚಿನ ಮೇಲೆಯೇ ಬಿಟ್ಟು ಓಡಿದೆ. ಹೊಲದ ನಡುವೆ ಅವಳ ರಟ್ಟೆ ಸಿಕ್ಕಿತು. ಬಾಚಿ ಎತ್ತಿಕೊಂಡೆ. ಅವಳು ಕೊಸರಾಡಿ ನಗುತ್ತಿದ್ದಳು.

"ಇಳಿಸು ಬೌಮಾ, ನಡೀಲಿ," ಹಿಂದಿನಿಂದ ಏದುಸಿರು ಬಿಡುತ್ತ ಮಾವ ಹೇಳಿದರು.

ಇಳಿಸಿದೆ. ಅವಳು ನನ್ನ ಬೆರಳು ಹಿಡಿದು ಮನೆಯತ್ತ ನಡೆದಳು. ಅವಳು ಕಾಲಿಡುವ ಜಾಗವನ್ನೆಲ್ಲ ನೋಡುತ್ತ ನೋಡುತ್ತ ನಾನೂ ನಡೆದೆ.