ಒಂದೇ ಒಂದು ಕೆಂಪು ಚುಕ್ಕೆ

"ಒಣಗಿದ ಚರಂಡಿಗೆ ಮಿಷನ್ ಕರೆಸ್ತೀಯೇನೇ, ಮುಂಡೇದೆ? ಡೀಸೆಲ್ ಏನು ನಿಮ್ಮಪ್ಪ ಹಾಕ್ತಾನಾ?"

ಮೇಸ್ತ್ರಿಯ ಎಂಜಲು ಸಲಿಕೆಯಮ್ಮನ ಕೆನ್ನೆಗೆ ಸಿಡಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅದಕ್ಕೂ ಒಂದು ಬೈಗುಳ ಬೀಳುತ್ತದೆ. ಊರಿನ ಹೊಲಸನ್ನೆಲ್ಲ ಸಲಿಕೆಯಲ್ಲಿ ಎತ್ತಿ ಎತ್ತಿ ಅವಳಿಗೆ ಆ ಹೆಸರೇ ನಿಂತುಹೋಗಿತ್ತು. ವಾರ್ಡ್ ಆಫೀಸಿನೊಳಗೆ ಮಾತ್ರ ಅವಳು ಕಾಲಿಡುವಂತಿಲ್ಲ. ಏನಿದ್ದರೂ ಚಪ್ಪಲಿ ಬಿಡುವ ಜಾಗದಲ್ಲಿ ನಿಂತೇ ಹೇಳಬೇಕು.

ಒಳಗಿನ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಪರದೆ, ಅದರ ತುಂಬ ಊರಿನ ನಕ್ಷೆ. ಎಲ್ಲೇ ಚರಂಡಿ ಕಟ್ಟಲಿ, ಅಲ್ಲಿಯವರು ಫೋಟೋ ತೆಗೆದು ಫೋನಿನಲ್ಲಿ ಒತ್ತಿದರೆ ಸಾಕು, ನಕ್ಷೆಯ ಮೇಲೆ ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ. ಕೈಗೆ ಎಟುಕದ್ದಾದರೆ ಹೊಲಸು ಹೀರುವ ಮಿಷನ್ ಬರುತ್ತದೆ. ಇಲ್ಲದಿದ್ದರೆ ಆ ಬೀದಿಯ ಕೆಲಸದವಳ ಫೋನು ಕಿರುಚುತ್ತದೆ. ಅವಳು ಓಡಿಬಂದು, ಬಳಿದು, ಶುಚಿಯಾದ ಜಾಗದ ಫೋಟೋ ಹಾಕಿ, ಕೊನೆಗೆ ತನ್ನ ಮುಖವನ್ನೂ ಫೋನಿಗೆ ತೋರಿಸಬೇಕು. ಆಗಲೇ ಚುಕ್ಕೆ ಹಸಿರಾಗುವುದು. ಮೊದಲು ಅರ್ಜಿ ಹಿಡಿದು ಅಲೆದು ಚಪ್ಪಲಿ ಸವೆಸುತ್ತಿದ್ದ ಜನಕ್ಕೆ ಈಗ ಕೂತಲ್ಲೇ ಕೆಲಸ ಆಗುತ್ತದೆ. ಸುಳ್ಳೇಕೆ ಹೇಳಬೇಕು, ಒಳ್ಳೆಯದೇ ಆಗಿದೆ. ಆದದ್ದು ಅವರಿಗೆ.

"ದೊಡ್ಡ ರಸ್ತೇಲಿ ನಿಂತು ಒತ್ತಿದ್ದು ನಾನೇ ಸಾಮಿ. ಆದ್ರೆ ಫೋಟೋ ನಮ್ಮ ಗಲ್ಲೀದು. ಗಲ್ಲೀಲಿ ನಿಂತು ಒತ್ತಿದ್ರೆ ಇಲ್ಲಿ ಸೇವೆ ಇಲ್ಲ ಅಂತ ಬರತ್ತೆ. ಹೊಲಸು ಮನೆಯೊಳಗೇ ನುಗ್ಗಿದೆ. ಸೊಸೆ ಹಸಿ ಬಾಣಂತಿ. ಕೂಸಿಗೆ ಜ್ವರ ಬೇರೆ."

"ನಕ್ಷೇಲಿ ನಿಮ್ಮ ಗಲ್ಲೀನೇ ಇಲ್ವಲ್ಲಮ್ಮ," ಎಂದರು ಒಳಗಿದ್ದ ಸಾಹೇಬರು, ಮೂಗಿಗೆ ಕರವಸ್ತ್ರ ಹಿಡಿದು. "ಅಲ್ಲಿರೋದು ಖಾಲಿ ಬಯಲು. ಬಯಲಲ್ಲಿ ಚರಂಡಿ ಹೇಗೆ ಕಟ್ಟತ್ತೆ?" ಆಮೇಲೆ ಮೇಸ್ತ್ರಿಯತ್ತ ತಿರುಗಿದರು. "ಮಧ್ಯಾಹ್ನ ಮೇಲಿನವರು ಪರದೆ ನೋಡೋಕೆ ಬರ್ತಾರೆ. ಒಂದೇ ಒಂದು ಕೆಂಪು ಕಾಣಬಾರದು. ಇವಳ ಫೋನಿಂದ ಇನ್ನು ದೂರು ಬರದ ಹಾಗೆ ಮಾಡು."

"ಒಂದ್ಸಲ ಮಿಷನ್ ಕಳ್ಸಿ ಸಾಮಿ, ನಿಮ್ಮ ಕಾಲಿಗೆ ಬೀಳ್ತೀನಿ. ಗುಂಡಿ ಆಳದಲ್ಲಿ ಕಟ್ಟಿದೆ. ಸಲಿಕೆಗೆ ಎಟುಕಲ್ಲ."

"ಮಿಷನ್ ಯಾಕೆ? ನಿನ್ನ ಮಗ ಮೀನಿನ ಹಾಗೆ ಇಳೀತಿದ್ನಲ್ಲ," ಎಂದು ಮೇಸ್ತ್ರಿ ನಕ್ಕ. "ನೀವೇ ಯಾರಾದ್ರೂ ಇಳೀರಿ."

ಸೊಸೆ ಬಸುರಿಯಾಗಿದ್ದಾಗಲೇ ಮಗ ಇವರ ಮಾತು ಕೇಳಿ ಗುಂಡಿಗೆ ಇಳಿದಿದ್ದ. ಮೇಲೆ ಬಂದದ್ದು ಹೆಣ. ಇನ್ನು ಯಾರೂ ಇಳಿಯಬಾರದು ಅಂತ ಅವನು ಸತ್ತ ಮೇಲೆ ತಂದ ಮಿಷನ್ ಅದು. ಅವನ ಮನೆ ಬಾಗಿಲಿಗೆ ಮಾತ್ರ ಅದು ಬರುವುದಿಲ್ಲವಂತೆ.

ಮನೆಯಲ್ಲಿ ಮಂಚದ ಕಾಲಿಗೆ ಇಟ್ಟಿದ್ದ ಇಟ್ಟಿಗೆಗಳೂ ಮುಳುಗಿದ್ದವು. ಕಪ್ಪು ನೀರಿನ ಮೇಲೆ ಒಲೆಯ ಬೂದಿ, ಯಾರದೋ ಮನೆಯ ಮಲ, ಮಗುವಿನ ಒಂದು ಟೋಪಿ ತೇಲುತ್ತಿದ್ದವು. ಸೊಸೆ ಮಂಚದ ಮೇಲೆ ಮುದುರಿ ಕೂತಿದ್ದಳು.

"ಅತ್ತೆ, ಕೂಸು ಹಾಲು ಹಿಡೀತಿಲ್ಲ. ಅಳೋದೂ ಕಮ್ಮಿ ಆಗ್ತಿದೆ. ಮಿಷನ್ ಬರತ್ತಾ?"

ಸಲಿಕೆಯಮ್ಮ ಹೊರಗೆ ಬಂದಳು. ಅವಳ ಜೊತೆ ಚರಂಡಿ ಬಳಿಯುವ, ಪಕ್ಕದ ಮನೆಯ ಕುಂಟ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದ. "ಇನ್ನೇನು ಮಾಡೋದಕ್ಕ, ನಾನೇ ಇಳೀತೀನಿ."

ಅವಳು ಹಗ್ಗ ಕಿತ್ತುಕೊಂಡಳು. "ಇಳಿದ್ರೆ ಆ ಇನ್ನೊಂದು ಕಾಲೂ ಮುರೀತೀನಿ, ಹಾಳಾದವನೇ! ಒಂದು ಹೆಣ ಎತ್ತಿದ್ದು ಸಾಲದಾ ನಂಗೆ?" ಎಂದವಳೇ ಗಳಗಳನೆ ಅತ್ತಳು. ಅತ್ತು, ಮೂಗು ಸೀಟಿ, ಬಕೀಟು ಎತ್ತಿಕೊಂಡಳು. "ನಮ್ಮ ಗಲ್ಲಿ ನಕ್ಷೇಲಿ ಇಲ್ವಂತೆ. ಇರೋ ಜಾಗಕ್ಕೇ ಹೊತ್ಕೊಂಡು ಹೋಗೋಣ ನಡಿ. ನಿನ್ನ ಫೋನು ತಗೋ."

ಗಲ್ಲಿಯ ಹೆಂಗಸರೂ ಬಕೀಟು, ಕೊಡ, ಡಬ್ಬ, ಕೈಗೆ ಸಿಕ್ಕಿದ್ದರಲ್ಲಿ ಹೊಲಸು ತುಂಬಿಕೊಂಡು ಬಂದರು. ವಾರ್ಡ್ ಆಫೀಸಿನ ತೊಳೆದ ಮೆಟ್ಟಿಲಿಗೆ ಮೊದಲು ಸುರಿದವಳು ಸಲಿಕೆಯಮ್ಮ. ಹೊಲಸು ಹೊಸ್ತಿಲು ದಾಟಿ ಒಳಕ್ಕೆ ಹರಿಯಿತು. ಕುಂಟ ಅಲ್ಲೇ ನಿಂತು ಫೋಟೋ ತೆಗೆದು ಒತ್ತಿದ. ಹಸಿರು ತುಂಬಿದ ಪರದೆಯಲ್ಲಿ, ಆಫೀಸು ಇದ್ದ ಜಾಗದಲ್ಲೇ, ಕೆಂಪು ಚುಕ್ಕೆ ಹೊತ್ತಿಕೊಂಡಿತು. ಸಲಿಕೆಯಮ್ಮನ ಮಡಿಲಲ್ಲಿದ್ದ ಫೋನು ಕಿರುಚಿತು. ಆಫೀಸಿನ ಬೀದಿ ಬಳಿಯುವವಳು ಅವಳೇ ತಾನೆ! ದೂರು ಕೊಡುವುದಕ್ಕೆ ಸತ್ತಿದ್ದ ಫೋನು ಕೆಲಸಕ್ಕೆ ಮಾತ್ರ ಬದುಕಿತ್ತು.

"ಬಳಿಯೇ, ಬೋಳಿ!" ಮೇಸ್ತ್ರಿ ಕೂಗಿದ.

"ಮಿಷನ್ ನಮ್ಮ ಗಲ್ಲಿಗೆ ಬರ್ಲಿ," ಎಂದು ಅವಳು ಆ ಹೊಲಸಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

ಮೇಲಿನವರ ಕಾರು ಹೊರಟಿದೆ ಎಂದು ಸುದ್ದಿ ಬಂತು. ಕೊನೆಗೆ ಮೇಸ್ತ್ರಿಯೇ ಪ್ಯಾಂಟು ಮಡಚಿ ಪೊರಕೆ ಹಿಡಿದ. ವಾಕರಿಸುತ್ತ ಬಳಿದ, ಅವಳ ಸುತ್ತಲೂ ಬಳಿದ. ಹೆಂಗಸರು ಕಿಸಕ್ಕನೆ ನಕ್ಕರು. "ಮೂಲೇಲಿ ಬಿಟ್ಟೆಯಲ್ಲೋ ಅಣ್ಣಾ!" ಅವನು ಅವಳ ಫೋನು ಕಿತ್ತುಕೊಂಡು ಜಾಗದ ಫೋಟೋ ಹಾಕಿದ. ಫೋನು ಮುಖ ಕೇಳಿತು. ತನ್ನದನ್ನು ತೋರಿಸಿದ. ಈ ಮುಖ ಅಲ್ಲ ಎಂದಿತು.

"ಬೇರೆಯವರಿಗೆ ಹಾಕಯ್ಯ ಕೆಲಸಾನ," ಸಾಹೇಬರು ಒಳಗಿನಿಂದ ಕಿರುಚಿದರು.

"ಇವಳು ಮುಗಿಸದೆ ಬೇರೆಯವರಿಗೆ ಹೋಗಲ್ಲ ಸಾರ್. ಇವರು ಕಳ್ಳಾಟ ಆಡಬಾರದು ಅಂತ ನೀವೇ ಹಾಗೆ ಮಾಡಿಸಿದ್ದು."

ಮೇಸ್ತ್ರಿ ಅವಳ ಗಲ್ಲ ಹಿಡಿದು ಮೇಲೆತ್ತಿದ. "ಮುಖ ತೋರ್ಸೇ. ಕೆಲ್ಸ ಹೋಗತ್ತೆ ನೋಡು. ಪೊಲೀಸರು ಬರ್ತಾರೆ."

ಸಲಿಕೆಯಮ್ಮ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ಹಿಂದೆ ಗಂಟು ಹಾಕಿದಳು. "ಮಿಷನ್ ಬರ್ಲಿ," ಎಂದಳು ಒಳಗಿನಿಂದ.

ಕಾರು ಬಂದು ನಿಂತ ಸದ್ದು, ಬಾಗಿಲು ತೆರೆದ ಸದ್ದು ಕೇಳಿತು. ಹೆಂಗಸರ ನಗು ಇದ್ದಕ್ಕಿದ್ದಂತೆ ನಿಂತಿತು.

"ಅಕ್ಕಾ," ಕುಂಟನ ದನಿ ಕಿವಿಯ ಬಳಿ ಬಂತು. "ನಿನ್ನ ಸೊಸೆ ಬರ್ತಿದ್ದಾಳೆ. ಕೂಸನ್ನ ಎತ್ಕೊಂಡು."

"ಅಳ್ತಿದೆಯೇನೋ ಕೂಸು?"

ಕುಂಟ ಅವಳ ಹೆಗಲ ಮೇಲೆ ಕೈ ಇಟ್ಟ.

ಯಾರೋ ಬಟ್ಟೆಗೆ ಕೈ ಹಾಕಿದರು. ಸಲಿಕೆಯಮ್ಮ ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಇನ್ನೊಂದು ಗಂಟು ಹಾಕಿದಳು.