ಅಜ್ಜನ ಕ್ಯಾಸೆಟ್ಟು

"ಆ ಹಾಡು ಯಾರದು, ಹೆಸರೇನು, ಅಷ್ಟು ಹೇಳ್ರಿ ಅಪ್ಪಾಜಿ. ಹೇಳಿದ್ರೆ ಬ್ಯಾಂಡ್ ಸೆಟ್ಟು. ಹೇಳಕ್ಕಾಗ್ಲಿಲ್ಲ ಅಂದ್ರೆ ಡಿಜೆ. ಗುರುವಾರದ ತನಕ ಟೈಮು."

ನನ್ನ ಮಗಳು ಐಶ್ವರ್ಯ ರೊಟ್ಟಿ ಮುರಿಯುತ್ತಾ ಈ ಷರತ್ತು ಹಾಕಿದ್ದು ಸೋಮವಾರ ಬೆಳಿಗ್ಗೆ. ಮದುವೆ ಇದ್ದದ್ದು ಭಾನುವಾರ, ಹರಿಹರದಲ್ಲಿ, ಗಂಡಿನ ಕಡೆಯವರ ಊರಲ್ಲಿ. ಅಕ್ಕಿಕಾಳು ಬಿದ್ದ ಮೇಲೆ ಛತ್ರದಿಂದ ಗಂಡಿನ ಮನೆಯವರೆಗೆ ಮೆರವಣಿಗೆ. ಆ ಮೆರವಣಿಗೆಗೆ ಮುದಸ್ಸಿರನ ಬ್ಯಾಂಡ್ ಸೆಟ್ ಬರಬೇಕು, ಅಜ್ಜನ ಪದ ನುಡಿಸಬೇಕು ಎನ್ನುವುದು ನನ್ನ ಆಸೆ. ಸಣ್ಣ ಆಸೆಯಲ್ಲ. ಅವಳು ಹುಟ್ಟಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನೂ ಮುದಸ್ಸಿರನೂ ಮಾಡಿಕೊಂಡ ತೀರ್ಮಾನ.

"ಹೆಸರು ತಗಂಡು ಏನ್ ಮಾಡ್ತೀಯವ್ವ? ಇಡೀ ತಾಲ್ಲೂಕಿಗೇ ಗೊತ್ತೈತೆ, ಅಜ್ಜನ ಪದ ಅಂತ."

"ಯಾವ ಅಜ್ಜ?"

ಮೂವತ್ತು ವರ್ಷದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಮುದಸ್ಸಿರ್ ನನ್ನ ಕಾಲೇಜು ಗೆಳೆಯ. ಅವನ ತಂದೆ ಹುಸೇನ್ ಸಾಬರು ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ಬ್ಯಾಂಡ್ ಸೆಟ್ ಇಟ್ಟಿದ್ದರು. ತೊಂಬತ್ತನಾಲ್ಕನೇ ಇಸವಿ, ನಾವು ಪಿಯುಸಿಯಲ್ಲಿದ್ದೆವು. ಹರಿಹರದ ಒಂದು ಕಾರ್ಖಾನೆಯ ಕ್ವಾರ್ಟರ್ಸಿಗೆ ಮದುವೆ ಬಾರಿಸಲು ಹೋಗಿದ್ದ ಮುದಸ್ಸಿರ್ ವಾಪಸು ಬರುವಾಗ ಒಂದು ಕ್ಯಾಸೆಟ್ ತಂದ. ಅಲ್ಲಿನ ಆಫೀಸರರ ಮಗನೊಬ್ಬನಿಗೆ ಐದು ನಿಮಿಷ ದೊಡ್ಡ ಡ್ರಮ್ಮು ಬಾರಿಸಲು ಬಿಟ್ಟಿದ್ದನಂತೆ. ಆ ಹುಡುಗ ಖುಷಿಯಾಗಿ ಕೊಟ್ಟನಂತೆ. ಇದಕ್ಕೆ ಗ್ರಂಜ್ ಅನ್ನುತ್ತಾರೆ, ಒಂಥರಾ ರಾಕ್ ಸಂಗೀತ, ಅಮೆರಿಕದಲ್ಲಿ ಎಲ್ಲರೂ ಇದನ್ನೇ ಕೇಳುವುದು ಎಂದೂ ಹೇಳಿದ್ದನಂತೆ. ಕ್ಯಾಸೆಟ್ಟಿನ ಮೇಲಿನ ಚೀಟಿ ಉದುರಿಹೋಗಿತ್ತು. ಡಬ್ಬಿ ಬೇರೆ ಯಾವುದೋ ಭಜನೆ ಕ್ಯಾಸೆಟ್ಟಿನದು.

ಶಾಮನೂರಿನ ನಮ್ಮ ಮನೆಯ ಟೇಪ್ ರೆಕಾರ್ಡರಿನ ವೈರನ್ನು ಇಲಿ ಕಡಿದಿತ್ತು. ಸೆಲ್ಲು ಹಾಕಿದರಷ್ಟೇ ಹಾಡುತ್ತಿತ್ತು. ಅದೂ ಹೊಸ ಸೆಲ್ಲಲ್ಲ. ಗದ್ದೆಗೆ ಚಾನಲ್ ನೀರು ಕಟ್ಟಲು ಹೋಗುವ ಅಪ್ಪನ ಟಾರ್ಚಿಗೆ ಮೊದಲ ಹಕ್ಕು. ಟಾರ್ಚಿನ ಬೆಳಕು ಕೆಂಪಗಾಗಿ ಕಾಲ ಕೆಳಗಿನ ಬದು ಕಾಣದಂತಾದ ಮೇಲೆ ಅಪ್ಪ ಸೆಲ್ಲು ತೆಗೆದು "ತಗಳಪ್ಪ, ನಿನ್ನ ಪೆಟ್ಟಿಗೆಗೆ ಹಾಕ್ಕ" ಎಂದು ಎಸೆಯುತ್ತಿದ್ದ. ಅವನ್ನು ಅರ್ಧ ದಿನ ಬಿಸಿಲಿಗಿಟ್ಟು ಟೇಪಿಗೆ ಹಾಕಿಕೊಳ್ಳುತ್ತಿದ್ದೆವು. ಊರಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ.

ಕಣದಲ್ಲಿ, ಹುಲ್ಲಿನ ಬಣವೆಯ ನೆರಳಲ್ಲಿ ಆ ಕ್ಯಾಸೆಟ್ ಮೊದಲ ಸಲ ತಿರುಗಿತು. ಮೊದಲು ಗಿಟಾರು ಬಂತು, ಕಬ್ಬಿಣದ ನೇಗಿಲನ್ನು ಡಾಂಬರು ರಸ್ತೆಯ ಮೇಲೆ ಎಳೆದುಕೊಂಡು ಹೋದ ಹಾಗೆ. ಆಮೇಲೆ ಡ್ರಮ್ಮು, ಹೊಟ್ಟೆ ತುಂಬ ಮೇದ ಎತ್ತು ಮನೆಗೆ ಬರುವ ಹಾಗೆ, ಒಂದೊಂದೇ ಹೆಜ್ಜೆ. ಅದರ ಮೇಲೆ ದನಿ. ಎಪ್ಪತ್ತು ದಾಟಿದ ಮುದುಕನ ದನಿ. ಒಂದೊಂದು ಮಾತನ್ನೂ ಹಲ್ಲಿಲ್ಲದ ಬಾಯಲ್ಲಿ ಹೊರಳಿಸಿ ಹೊರಳಿಸಿ, ಇನ್ನು ತಡೆಯಲಾರೆ ಎಂದಾಗ ಹೊರಗೆ ಬಿಡುತ್ತಿದ್ದ. ಇಂಗ್ಲಿಷೋ ಅಲ್ಲವೋ ಗೊತ್ತಾಗಲಿಲ್ಲ. ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಮುದಸ್ಸಿರ್ ನನ್ನ ಮಂಡಿ ಹಿಡಿದುಕೊಂಡ.

"ಲೇ ಬಕ್ಕೇಶಿ, ಈ ಮನುಷ್ಯಂಗೆ ಏನೋ ಆಗೈತಲೇ."

ಮೇವು ಒಯ್ಯಲು ಬಂದ ನಮ್ಮವ್ವ ಡಬ್ಬಿಯ ಮೇಲಿನ ದೇವರ ಚಿತ್ರ ನೋಡಿ ಕೈಮುಗಿದಳು. "ಯಾವ ಮಠದ ಅಜ್ಜಾರಪ್ಪ ಇವರು? ಪಾಪ, ಏನು ಸಂಕಟ ಐತೋ! ಶಿವನ್ನ ಹೆಂಗೆ ಕರೀತಾರೆ ನೋಡು."

ನಮ್ಮ ಕಡೆ ಮಠದ ಸ್ವಾಮಿಗಳನ್ನೂ ಅಜ್ಜ ಅನ್ನುವುದು. ಅಲ್ಲ ಎಂದು ಅವ್ವನಿಗೆ ಹೇಳಲು ನಮಗೆ ಧೈರ್ಯ ಸಾಲಲಿಲ್ಲ. ಹಾಗೆ ಅವನು ಅಜ್ಜನಾದ.

ಆ ಸುಗ್ಗಿಯಿಡೀ ನಾವು ಕ್ಯಾಸೆಟ್ಟಿನ ಎರಡೂ ಮಗ್ಗುಲು ಕೇಳಿದೆವು. ಭತ್ತದ ರಾಶಿಗೆ ಕಾವಲು ಕೂತವರು ಬಣವೆಯ ಮೇಲೆ ಹತ್ತಿ ತಲೆ ಆಡಿಸಿದೆವು, ಕೆಳಗೆ ಬಿದ್ದೆವು, ಮತ್ತೆ ಹತ್ತಿದೆವು. ಅಷ್ಟು ದುಃಖದ ಹಾಡು ಕೇಳಿ ಅಷ್ಟು ಖುಷಿಪಟ್ಟವರು ನಾವಿಬ್ಬರೇ ಇರಬೇಕು.

ಅದರಲ್ಲೊಂದು ಹಾಡನ್ನು ಮುದಸ್ಸಿರ್ ಗುನುಗಿ ಗುನುಗಿ ಕ್ಲಾರಿನೆಟ್ಟಿಗೆ ಇಳಿಸಿದ. "ಇದೇನ್ ಹಾಡೋ, ಹಲ್ಲು ನೋವೋ?" ಎಂದು ಹುಸೇನ್ ಸಾಬರು ಬೈದರು. ಆದರೆ ಆನಗೋಡಿನ ಒಂದು ಮದುವೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಎಷ್ಟು ಹೊತ್ತಾದರೂ ಮುಗಿಯಲಿಲ್ಲ, ಸಾಬರ ಹತ್ತಿರವಿದ್ದ ಹಾಡುಗಳೆಲ್ಲ ಮುಗಿದುಹೋದವು, ಬೇರೆ ದಾರಿ ಕಾಣದೆ ಮಗನಿಗೆ ಕಣ್ಣು ಸನ್ನೆ ಮಾಡಿದರು. ಅವನು ಅಜ್ಜನ ಪದ ಊದಿದ. ಹೆಣ್ಣಿನ ತಾಯಿ ಅತ್ತಳು. ಗಂಡಿನ ತಾಯಿ ಅತ್ತಳು. ಅಡುಗೆಯವನು ಸೌಟು ಹಿಡಿದುಕೊಂಡೇ ಬಂದು ಅತ್ತ. ಅವತ್ತಿನಿಂದ ಬ್ಯಾಂಡ್ ಗೊತ್ತು ಮಾಡಲು ಬಂದವರು "ಅಜ್ಜನ ಪದ ಐತಲ್ರಿ ಸಾಬ್ರೇ?" ಎಂದು ಕೇಳಿಯೇ ವೀಳ್ಯ ಕೊಡುವುದು. ತಾಲ್ಲೂಕಿನ ಅರ್ಧ ಹೆಣ್ಣುಮಕ್ಕಳು ಆ ಹಾಡಿಗೆ ಅತ್ತುಕೊಂಡೇ ಗಂಡನ ಮನೆಗೆ ಹೋಗಿದ್ದಾರೆ.

ಐಶ್ವರ್ಯ ಹುಡುಕದೆ ಬಿಟ್ಟವಳಲ್ಲ. ಮೂರು ವರ್ಷದ ಹಿಂದೆ ತನ್ನ ಫೋನಿನಲ್ಲಿ ಗ್ರಂಜ್ ಎಂಬುದನ್ನೆಲ್ಲ ತೆಗೆದು ನನ್ನ ಕಿವಿಗೆ ತುರುಕಿದ್ದಳು. ನಾನು ಒಂದೊಂದಕ್ಕೂ ತಲೆ ಅಲ್ಲಾಡಿಸಿದ್ದೆ. "ಇವನ್ಯಾರೋ ಹುಡುಗ ಕಿರುಚ್ತಾನೆ ತೆಗಿಯವ್ವ. ನಮ್ಮೋನು ವಯಸ್ಸಾದೋನು. ಒಂದು ಗಾಂಭೀರ್ಯ ಐತೆ."

ಈಗ ಉಳಿದಿದ್ದದ್ದು ಮೂರು ದಿನ.

ಮಂಗಳವಾರ ಮಂಡಿಪೇಟೆಗೆ ಹೋದೆ. ಹುಸೇನ್ ಸಾಬರು ಹೋದ ಮೇಲೆ ಅಂಗಡಿ ಮುದಸ್ಸಿರನದು. ಗೋಡೆಯ ತುಂಬ ಕೆಂಪು ಕೋಟುಗಳು ತೂಗುತ್ತಿದ್ದವು. ವಿಷಯ ಹೇಳಿದೆ.

"ಡಿಜೆನಾ?" ಎಂದು ಅವನು ಎದ್ದು ನಿಂತ. "ನಿನ್ನ ಮಗಳ ಮದುವೆಗೆ ಡಿಜೆ ಬಂದ್ರೆ ನಾನು ಊಟಕ್ಕೂ ಬರಲ್ಲ ಹೋಗಲೇ!"

"ಅದಕ್ಕೇ ಬಂದೀನಿ ಮಾರಾಯ. ಕ್ಯಾಸೆಟ್ಟು ಎಲ್ಲೈತೆ?"

"ನಿನ್ ಹತ್ರ."

"ನಿನ್ ಹತ್ರ."

ಸಂಜೆಯವರೆಗೆ ಇದೇ ಮಾತು. ಕೊನೆಗೆ ಸಿಕ್ಕಿದ್ದು ಹುಸೇನ್ ಸಾಬರ ಒಡೆದ ಕ್ಲಾರಿನೆಟ್ಟಿನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಅಡಿಯಲ್ಲಿ. ಬೈದವರೇ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಮುದಸ್ಸಿರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ.

ಮರುದಿನ ನಮ್ಮ ಅಟ್ಟದ ಮೇಲಿನ ಟೇಪ್ ರೆಕಾರ್ಡರನ್ನು ಒಯ್ದು ಕೊಟ್ಟೆ. ಮುದಸ್ಸಿರನ ಮಗ ನೌಮಾನ್ ಅದರ ಧೂಳು ಒರೆಸಿ, ಹೊಸ ಬೆಲ್ಟ್ ಹಾಕಿ, ಅಂಗಡಿಯಿಂದ ನಾಲ್ಕು ಹೊಸ ಸೆಲ್ಲು ತಂದು ತುಂಬಿದ. ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಪೇಟೆಗೆ ಬಂದಿದ್ದ ಐಶ್ವರ್ಯಳೂ ಹಾಗೇ ಬಂದು ಡ್ರಮ್ಮಿನ ಪಕ್ಕ ಕೂತಳು. ನಾನೂ ಮುದಸ್ಸಿರನೂ ಚಪ್ಪಲಿ ಬಿಟ್ಟು ಕೂತೆವು. ನೌಮಾನ್ ಗುಂಡಿ ಒತ್ತಿದ.

ಅಜ್ಜ ಓಡಿದ!

ಗಿಟಾರು ಕಿತ್ತುಕೊಂಡು ಹೊರಟಿತು. ಡ್ರಮ್ಮಿನ ಎತ್ತು ಹಗ್ಗ ಹರಿದುಕೊಂಡು ಕೆರೆ ಕಡೆ ನುಗ್ಗಿತು. ಹಲ್ಲಿಲ್ಲದ ಬಾಯಿಗೆ ಮೂವತ್ತೆರಡು ಹಲ್ಲು ಬಂದು, ಒಬ್ಬ ಹುಡುಗ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ.

"ನಿಲ್ಸಲೇ, ನಿಲ್ಸು!" ಮುದಸ್ಸಿರ್ ಮಗನ ಕೈ ಹಿಡಿದ. "ಅಜ್ಜಂಗೆ ಏನೋ ಆತು! ಮೆಷಿನ್ ಕೆಡಿಸಿಟ್ಟಿ ನೀನು!"

"ಮೆಷಿನ್ ಸರಿ ಐತೆ," ಎಂದ ನೌಮಾನ್. ನನ್ನ ಕಡೆ ತಿರುಗಿದ. "ಕಾಕಾ, ನೀವು ಆವಾಗ ಎಂಥ ಸೆಲ್ ಹಾಕ್ತಿದ್ರಿ?"

"ಟಾರ್ಚಿಗೆ ಬರದೇ ಇರೋವು," ಎಂದೆ. "ಅಪ್ಪ ಬಿಸಾಕಿದ್ದು. ಬಿಸಿಲಿಗಿಟ್ಟು…"

ಹೇಳುತ್ತಾ ಹೇಳುತ್ತಾ ನನಗೇ ತಿಳಿಯಿತು. ಮುದಸ್ಸಿರನಿಗೂ ತಿಳಿಯಿತು. ಸತ್ತ ಸೆಲ್ಲಿನಲ್ಲಿ ಟೇಪು ಕಾಲೆಳೆದುಕೊಂಡು ತಿರುಗಿತ್ತು. ಆ ಹುಡುಗನನ್ನು ನಾವೇ ಮುದುಕ ಮಾಡಿದ್ದೆವು. ನೌಮಾನ್ ನಗುತ್ತಾ ನಗುತ್ತಾ ಡ್ರಮ್ಮಿನ ಮೇಲೆ ಜಾರಿಬಿದ್ದ, ಡ್ರಮ್ಮು ಧೊಂ ಎಂದಿತು.

ಐಶ್ವರ್ಯ ಮಾತ್ರ ನಗಲಿಲ್ಲ. ಎದ್ದು ಬಂದು ಫೋನನ್ನು ನನ್ನ ಮೂಗಿನ ಕೆಳಗೆ ಹಿಡಿದಳು. "ಅಪ್ಪಾಜಿ. ಇದನ್ನ ನಾನು ನಿಮಗೆ ಕೇಳ್ಸಿದ್ದೆ. ಮೂರು ವರ್ಷದ ಹಿಂದೆ. ಇದೇ ಹಾಡು. ಪ್ರಪಂಚಕ್ಕೆಲ್ಲ ಗೊತ್ತಿರೋ ಹಾಡು. ನೀವು ಗಾಂಭೀರ್ಯ ಇಲ್ಲ ಅಂದ್ರಿ."

ಫೋನಿನಲ್ಲಿ ಹೆಸರಿತ್ತು, ಪಟವಿತ್ತು. ಕೆದರಿದ ಕೂದಲಿನ ಹುಡುಗರು.

"ಹಾಡಿದಾಗ ನನಗಿಂತ ಚಿಕ್ಕೋನು ನಿಮ್ಮಜ್ಜ."

ಹೆಸರನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿದೆ. ಇಲ್ಲಿ ಬರೆಯುವುದಿಲ್ಲ, ಬರೆದರೆ ಬಲ್ಲವರು ಶಾಮನೂರಿಗೇ ಬಂದು ನಕ್ಕು ಹೋಗುತ್ತಾರೆ. ಓದಿ, "ಆತಲ್ಲ, ಹೆಸರು ಹೇಳ್ದೆ. ಬ್ಯಾಂಡ್ ಸೆಟ್ಟು," ಎಂದೆ.

"ನೀವೆಲ್ಲಿ ಹೇಳಿದ್ರಿ? ಹೇಳಿದ್ದು ನಾನು. ಷರತ್ತು ಹಾಕಿದ್ದು ನಿಮಗೆ. ಡಿಜೆನೇ."

ಅವಳಮ್ಮನ ನಾಲಿಗೆ ಅದು. ನಾನು ಮುದಸ್ಸಿರನ ಮುಖ ನೋಡಿದೆ. ಅವನು ಕ್ಲಾರಿನೆಟ್ ತೆಗೆದು ತುಟಿಗಿಟ್ಟ. ಅಂಗಡಿಯ ನಡುವೆ ನಿಂತು ನಮ್ಮ ಅಜ್ಜನನ್ನು ಕರೆದ, ಹಳೆಯ ನಡಿಗೆಯಲ್ಲಿ, ಒಂದೊಂದೇ ಹೆಜ್ಜೆ. ಈ ಹಾಡನ್ನು ಐಶ್ವರ್ಯ ನೂರು ಮದುವೆಯಲ್ಲಿ ಕೇಳಿದ್ದವಳೇ. ಈಗ ಫೋನನ್ನು ಒಂದು ಕಿವಿಗೆ ಹಿಡಿದು ಹುಡುಗನನ್ನೂ, ಇನ್ನೊಂದು ಕಿವಿಯಲ್ಲಿ ಅಜ್ಜನನ್ನೂ ಕೇಳುತ್ತಾ ನಿಂತಳು. ಬಾಯಿ ಸ್ವಲ್ಪ ತೆರೆದಿತ್ತು. ಎದುರಿನ ಬೆಲ್ಲದ ಅಂಗಡಿಯ ಹಮಾಲಿಯೊಬ್ಬ ಚೀಲ ಇಳಿಸಿ ಬಾಗಿಲಲ್ಲಿ ನಿಂತ. "ಯಾರ ಮನೇಲಿ ಹೆಣ್ಣು ಕಳಿಸ್ತೀರಿ ಸಾಬ್ರೇ?" ಎಂದು ಕೇಳಿದ.

"ನಮ್ಮನೇಲೇ ಕಣಣ್ಣ," ಎಂದಳು ಐಶ್ವರ್ಯ. ಆಮೇಲೆ ಮುದಸ್ಸಿರನಿಗೆ, "ಚಾಚಾ, ಬರ್ರಿ ನೀವು. ಆದ್ರೆ ಎರಡೂ ಬೇಕು. ಮೊದಲು ಅಜ್ಜ, ಆಮೇಲೆ ಹುಡುಗ."

"ಎರಡನೇದು ನನಗೆ ಬಿಡಕ್ಕ," ಎಂದ ನೌಮಾನ್, ಇನ್ನೂ ಕಣ್ಣು ಒರೆಸಿಕೊಳ್ಳುತ್ತಾ.

ಮೂರು ದಿನ ಆ ಗಲ್ಲಿಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲವಂತೆ. ಓಡುವ ಹಾಡಿಗೆ ಉಸಿರು ಸಾಲದೆ ಹಳೆಯ ತುತ್ತೂರಿಯವರು ಸಿಟ್ಟಾಗಿ, ಮಿರ್ಚಿ ಮಂಡಕ್ಕಿ ತಿಂದು ಸಮಾಧಾನವಾಗಿ, ಮತ್ತೆ ಊದಿದರಂತೆ.

ಭಾನುವಾರ ಹರಿಹರದಲ್ಲಿ ಮಧ್ಯಾಹ್ನದ ಬಿಸಿಲಿಗೆ ಮೆರವಣಿಗೆ ಹೊರಟಿತು. ಬಾಸಿಂಗ ಕಟ್ಟಿಕೊಂಡ ಮಗಳು, ಪಕ್ಕದಲ್ಲಿ ಅಳಿಯ ಸಿದ್ದೇಶ್, ಮುಂದೆ ಕೆಂಪು ಕೋಟುಗಳು. ಅಜ್ಜ ನಿಧಾನಕ್ಕೆ ನಡೆದ. ನನ್ನ ಹೆಂಡತಿ ಸರ್ವಮಂಗಳ ಸೆರಗು ಬಾಯಿಗಿಟ್ಟುಕೊಂಡಳು, ಬೀಗಿತಿಯೂ ಇಟ್ಟುಕೊಂಡಳು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಗಂಡಿನ ಮನೆಯ ಓಣಿ ತಿರುಗಿದ್ದೇ ನೌಮಾನ್ ಡ್ರಮ್ಮಿನ ಎರಡು ಕೋಲುಗಳನ್ನು ತಲೆಯ ಮೇಲೆ ಎತ್ತಿ ತಾಗಿಸಿದ. ಒಂದು, ಎರಡು, ಮೂರು, ನಾಲ್ಕು.

ಮೊದಲು ಅರ್ಥವಾದದ್ದು ಅಳಿಯನಿಗೆ. "ಲೇ, ಇದು ಅದಲ್ಲೇನ್ರಲೇ!" ಎಂದು ಗೆಳೆಯರ ಕಡೆ ಕೂಗಿದವನೇ ಪೇಟ ತೆಗೆದು ಯಾರದೋ ಕೈಗೆ ಕೊಟ್ಟು, ಸೊಂಟ ಬಗ್ಗಿಸಿ ತಲೆ ಬೀಸತೊಡಗಿದ. ಗೆಳೆಯರು ಹತ್ತು ಮಂದಿ ಸುತ್ತ ನಿಂತು ಬೀಸಿದರು. ಐಶ್ವರ್ಯ ಒಂದು ಕ್ಷಣ ತಡೆದಳು. ಬಾಸಿಂಗವನ್ನು ಒಂದು ಕೈಯಲ್ಲಿ ಒತ್ತಿಹಿಡಿದು ಅವಳೂ ಶುರುಮಾಡಿದಳು.

ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಸಿದ್ದೇಶನ ಅಜ್ಜಿ ರಂಗವ್ವ ತಟ್ಟೆ ಕೆಳಗಿಟ್ಟಳು. "ಮದುಮಗನ ಮೈಮೇಲೆ ದೇವರು ಬಂತ್ರವ್ವೋ! ವಿಭೂತಿ ತರ್ರಿ! ನಿಂಬೆಹಣ್ಣು ತರ್ರಿ!"

ಹೆಂಗಸರು ಓಡಿದರು. ರಂಗವ್ವ ಗುಂಪಿನೊಳಗೆ ನುಗ್ಗಿ, ಬೀಸುತ್ತಿದ್ದ ಹಣೆಯನ್ನು ಗುರಿಯಿಟ್ಟು ಮೂರನೆಯ ಸಲಕ್ಕೆ ವಿಭೂತಿ ಹಚ್ಚಿದಳು. "ಯಾರಪ್ಪ ನೀನು? ಎಲ್ಲಿಂದ ಬಂದಿ? ಏನು ಬೇಕು, ಬಾಯಿಬಿಟ್ಟು ಹೇಳು!"

ಸಿದ್ದೇಶನಿಗೆ ಉಸಿರೇ ಇರಲಿಲ್ಲ. "ನೀರು… ಅಜ್ಜಿ, ನೀರು…"

"ನೀರು ಕೇಳ್ತೈತೆ! ಶಾಂತ ಆಗ್ತೈತಂತೆ! ಸುರೀರಿ!"

ಬಾಗಿಲ ಪಕ್ಕದ ತುಂಬಿದ ಕೊಡ ಅವನ ತಲೆಯ ಮೇಲೆ ಇಳಿಯಿತು. ಹೊಸ ಪಂಚೆ, ಹೊಸ ಹೆಂಡತಿ ಎರಡೂ ನೆಂದವು. ಐಶ್ವರ್ಯ ಕಿರುಚಿ ನಕ್ಕಳು, ನಿಲ್ಲಿಸಲಿಲ್ಲ. ತುತ್ತೂರಿಯವರೂ ನಿಲ್ಲಿಸಲಿಲ್ಲ. ಕ್ಲಾರಿನೆಟ್ಟಿನ ಹಿಂದೆ ಮುದಸ್ಸಿರನ ಮುಖ ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು, ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಬಾರಲೇ, ಎನ್ನುತ್ತಿತ್ತು.

ನನ್ನ ಕುತ್ತಿಗೆ ನನ್ನ ಮಾತು ಕೇಳಲಿಲ್ಲ. ಪೇಟ ಎಲ್ಲಿ ಬಿತ್ತೋ ನೋಡಲಿಲ್ಲ.

"ಏನ್ರಿ, ಏನ್ರಿ ಇದು!" ಸರ್ವಮಂಗಳ ಶಲ್ಯ ಹಿಡಿದು ಜಗ್ಗಿದಳು. "ಹೆಣ್ಣು ಹೆತ್ತೋರು ನೀವು! ಬೀಗರು ನೋಡ್ತಾರೆ, ಸುಮ್ನೆ ನಿಂತ್ಕಳ್ರಿ!"

ತಲೆ ಕೆಳಗೆ ಹೋದಾಗ ಓಣಿಯ ಕಲ್ಲು, ಮೇಲೆ ಬಂದಾಗ ರಂಗವ್ವ. ಕೆಳಗೆ ಕಲ್ಲು, ಮೇಲೆ ರಂಗವ್ವ. ಸಲ ಸಲಕ್ಕೂ ಹತ್ತಿರವಾಗುತ್ತಿದ್ದಳು, ಎರಡನೆಯ ಕೊಡ ಸೊಂಟದ ಮೇಲಿತ್ತು.

ನಾನು ಇನ್ನೂ ಸ್ವಲ್ಪ ಬಗ್ಗಿದೆ, ಅವಳ ಕೈಗೆ ಎಟುಕಲಿ ಎಂದು.