ಹೂಂಗುಟ್ಟುವ ಮಾಕ್

ಅತ್ತೆ ಆಸ್ಪತ್ರೆಯಿಂದ ಮರಳಿದಾಗ ಮುಖ ಬಾಡಿತ್ತು. ರಕ್ತಪರೀಕ್ಷೆಗೆಂದು ಬೆಳಗ್ಗೆ ಏನೂ ತಿಂದಿರಲಿಲ್ಲ. ಕರೆಯುತ್ತಾರೆಂದು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತು, ಕೊನೆಗೆ ಕೇಳಿದರೆ ಕೌಂಟರಿನವಳು, "ಯಂತ್ರ ಕೆಟ್ಟಿದೆ, ಬರಬೇಡಿ ಅಂತ ನಿನ್ನೇನೇ ಮೆಸೇಜ್ ಹೋಗಿದೆಯಲ್ಲಮ್ಮ" ಎಂದಳಂತೆ.

"ನಾನೇ ಅಳಿಸಿರ್ಬೇಕು," ಎಂದರು ಅತ್ತೆ, ಊಟಕ್ಕೆ ಕೂತಾಗ. "ಅರವತ್ತಕ್ಕೆ ಅರಳು ಮರಳು. ನನಗೆ ಅದು ದಾಟಿ ಎಷ್ಟೋ ಆಯ್ತು."

ಮಗ ನಗಲಿಲ್ಲ. "ಮೊನ್ನೆ ನೀನು ಒಲೆ ಆರಿಸೋದನ್ನೂ ಮರೆತಿದ್ದೆ. ಇನ್ನು ಒಬ್ಬಳೇ ಹೊರಗೆ ಹೋಗೋದು ಬೇಡಮ್ಮ. ಬಾಗಿಲ ಕೀ ನನ್ನ ಹತ್ರ ಇರ್ಲಿ."

ಅತ್ತೆ ಕೆಂಪು ದಾರ ಕಟ್ಟಿದ ಕೀಯನ್ನು ಅವನ ತಟ್ಟೆಯ ಪಕ್ಕ ಇಟ್ಟರು.

ಸೊಸೆ ತುತ್ತನ್ನು ತಟ್ಟೆಗೇ ಇಳಿಸಿದಳು. ಆ ಆಸ್ಪತ್ರೆಯಿಂದ ರೋಗಿಗಳಿಗೆ ಮೆಸೇಜ್ ಕಳಿಸುವ ಪ್ರೋಗ್ರಾಮ್ ಬರೆದವಳು ಅವಳೇ. ಅತ್ತೆ ಕೈ ತೊಳೆಯಲು ಹೋದಾಗ ಅವರ ಫೋನು ನೋಡಿದಳು. ಮೆಸೇಜ್ ಇರಲಿಲ್ಲ. ಅಳಿಸುವುದು ಹೇಗೆಂದೇ ಅತ್ತೆಗೆ ಗೊತ್ತಿಲ್ಲ. ವರ್ಷಗಳ ಹಿಂದಿನ ಜಾಹೀರಾತುಗಳೂ ಹಾಗೇ ಕೂತಿದ್ದವು. ಖಚಿತವಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಬಾಯಿ ಮುಚ್ಚಿಕೊಂಡಳು.

ಮರುದಿನ ಆಫೀಸಿನಲ್ಲಿ, ಪ್ರೋಗ್ರಾಮ್ ಸರಿಯಿದೆಯೇ ಎಂದು ನೋಡಲು ಬರೆದಿದ್ದ ಟೆಸ್ಟುಗಳನ್ನು ತೆರೆದಳು. ಟೆಸ್ಟ್ ಓಡಿಸಿದಾಗಲೆಲ್ಲ ನಿಜವಾದ ರೋಗಿಗಳಿಗೆ ಮೆಸೇಜ್ ಹೋಗಬಾರದಲ್ಲ, ಅದಕ್ಕೆ ಮೆಸೇಜ್ ಕಳಿಸುವ ಮಾಡ್ಯೂಲನ್ನು ಬದಿಗಿಟ್ಟು ಅದರ ಜಾಗದಲ್ಲಿ ಒಂದು ನಕಲಿಯನ್ನು, ಅಂದರೆ ಮಾಕನ್ನು, ನಿಲ್ಲಿಸುತ್ತಾರೆ. ಏನು ಕಲಿಸಿದರೆ ಅದನ್ನೇ ಹೇಳುತ್ತದೆ ಅದು. ಅವಳು ಕಲಿಸಿದ್ದು ಒಂದೇ ಮಾತು: ಹೋಯಿತು. ನಿಜವಾದ ಮಾಡ್ಯೂಲಾದರೋ ಒಮ್ಮೊಮ್ಮೆ "ಹೋಗಲಿಲ್ಲ" ಎಂದೂ ಹೇಳುತ್ತದೆ. ಆಗ ಕೌಂಟರಿಗೆ ಸುದ್ದಿ ಹೋಗಬೇಕು, ಅವರು ರೋಗಿಗೆ ಫೋನು ಮಾಡಬೇಕು. ಆ ದಾರಿಯನ್ನು ಅವಳು ತುಳಿದೇ ನೋಡಿರಲಿಲ್ಲ. ಎಲ್ಲ ಟೆಸ್ಟೂ ಪಾಸಾಗಿ ಹಸಿರಾಗಿದ್ದವು, ಸಾಕೆನಿಸಿತ್ತು.

ಮಾಕಿಗೆ "ಹೋಗಲಿಲ್ಲ" ಎನ್ನುವುದನ್ನು ಕಲಿಸಿ ಓಡಿಸಿದಳು. ಟೆಸ್ಟ್ ಕೆಂಪಾಯಿತು. ಅವಳ ಪ್ರೋಗ್ರಾಮು ಉತ್ತರವನ್ನು ನೋಡದೆಯೇ ಎಲ್ಲರ ಹೆಸರಿನ ಮುಂದೆ "ಕಳಿಸಿದೆ" ಎಂದು ಬರೆಯುತ್ತಿತ್ತು.

ಪಕ್ಕದ ಕುರ್ಚಿಯವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ಅವನು ಬಗ್ಗಿ ನೋಡಿದ. "ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬರುತ್ತೆ ಹೇಳಿ. ಮಾಕ್ ಅಂದ್ರೆ ಹೊಸ ಸೊಸೆ ಥರ. ಏನು ಕೇಳಿದ್ರೂ ಹೂಂ ಅನ್ನುತ್ತೆ."

ಅವಳು ನಗಲು ನೋಡಿದಳು, ಆಗಲಿಲ್ಲ. ಮ್ಯಾನೇಜರಿಗೆ ಹೇಳಿ, ಮೆಸೇಜ್ ತಲುಪದ ಉಳಿದವರಿಗೂ ಫೋನು ಹೋಗುವಂತೆ ಮಾಡಿ, ತಪ್ಪು ತಿದ್ದಿದಳು. ಅದೆಲ್ಲ ಸಲೀಸಾಗಿಯೇ ಆಯಿತು. ಮನೆಯಲ್ಲಿ ಹೇಳುವುದು ಉಳಿದಿತ್ತು.

ಸಂಜೆ ವಾಕಿಂಗಿಗೆ ಹೋಗಬೇಕಾಗಿದ್ದ ಅತ್ತೆ ಕಿಟಕಿಯ ಬಳಿ ಕೂತಿದ್ದರು.

"ಅತ್ತೆ, ನೀವೇನೂ ಅಳಿಸಿಲ್ಲ. ಮೆಸೇಜ್ ಬರಲೇ ಇಲ್ಲ. ತಪ್ಪು ನಂದು."

ಅವಳು ಬಿಡಿಸಿ ಹೇಳಿದ್ದನ್ನೆಲ್ಲ ಅತ್ತೆ ಕೇಳಿಸಿಕೊಂಡರು. "ಅಂದ್ರೆ ಕೆಲಸ ಮಾಡೋನನ್ನ ಕೇಳೋದು ಬಿಟ್ಟು, ತಲೆಯಾಡಿಸೋ ಗೊಂಬೇನ ಕೇಳಿದೆ."

"ಹೂಂ."

"ನಿನ್ನೆ ಊಟದ ಹೊತ್ತಿಗೇ ನಿನಗೆ ಅನುಮಾನ ಬಂದಿತ್ತಾ?"

ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. "ಬಂದಿತ್ತು," ಎಂದಳು.

ಅತ್ತೆ ಕಿಟಕಿಯ ಕಡೆ ತಿರುಗಿದರು. "ನಾನು ನಿದ್ದೆ ಮಾಡ್ಲಿಲ್ಲ ಕಣೇ. ಮಕ್ಕಳು ಹುಟ್ಟಿದ ದಿನ, ಸತ್ತುಹೋದೋರ ಹೆಸರು, ಎಲ್ಲಾ ಒಂದೊಂದಾಗಿ ನೆನೆಸಿಕೊಳ್ತಾ ಮಲಗಿದ್ದೆ. ಯಾವ್ಯಾವುದು ಹೋಗಿದೆ ಅಂತ ನೋಡೋಕೆ."



ಕೆಳಗೆ ಗೇಟು ಕಿರುಗುಟ್ಟಿತು. "ಬಂದ," ಎಂದರು ಅತ್ತೆ. "ನನಗೆ ಹೇಳಿದ್ದನ್ನ ಅವನಿಗೂ ಹೇಳು. ಊಟದ ಹೊತ್ತಿನ ಮಾತನ್ನೂ ಸೇರಿಸಿ ಹೇಳು. ಕೀ ನೀನೇ ಕೇಳು, ನಾನು ಕೇಳಲ್ಲ."

ಬಾಗಿಲು ತೆರೆಯಿತು. ಗಂಡನ ಕೈಯ ಗೊಂಚಲಿನಲ್ಲಿ ಕೆಂಪು ದಾರದ ಕೀಯೂ ತೂಗುತ್ತಿತ್ತು. ಅವನು ಚಪ್ಪಲಿ ಬಿಡುವ ಮೊದಲೇ ಸೊಸೆ ಅದಕ್ಕೆ ಕೈ ಚಾಚಿದಳು.